ಕೌದಿಯ ಮುಂದೆ ಓದಿದ ದೆವ್ವದ ಕಥೆ

ಯುಗಾದಿಗೆ ಮುದ್ದೇಬಿಹಾಳದಿಂದ ಬರುವಾಗ ನೀವು ಮೊಮ್ಮಕ್ಕಳು ನನಗೊಂದು ದಪ್ಪ ಪುಸ್ತಕ ತಂದಿರಿ. ದೀಪಾವಳಿಗೆ ಬಂದಾಗ ಕೇಳಿದಿರಿ, "ಆಯಿ, ಆ ದೆವ್ವದ ಪುಸ್ತಕ ಓದಿದೇನ? ಹೆಂಗ ಐತಿ?" ನಾನು "ಚಲೋ ಐತಿ" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋಗಿಬಿಟ್ಟೆ. ಪ್ರೀತಿಯಿಂದ ತಂದುಕೊಟ್ಟವರ ಮುಖ ನೋಡಿಕೊಂಡು ಬೇರೆ ಏನು ಹೇಳಲಿ? ಎದುರಿಗೆ ನಿಂತು ಮಾತಾಡುವುದು ನನಗೆ ಚಿಕ್ಕಂದಿನಿಂದಲೂ ಕಷ್ಟ. ಬರೆಯುವಾಗ ಯಾರ ಮುಖವೂ ಎದುರಿಗೆ ಇರುವುದಿಲ್ಲ. ಹಾಗಾಗಿ ಈಗ ನಿಜ ಹೇಳುತ್ತೇನೆ. ಆ ಪುಸ್ತಕ ಚಲೋ ಇಲ್ಲ. ಅದರಲ್ಲಿ ನೂರರ ಹತ್ತಿರ ಕಥೆಗಳಿವೆ. ನೂರು ದೆವ್ವಗಳಲ್ಲಿ ಒಂದಕ್ಕೂ ಬುದ್ಧಿಯಿಲ್ಲ.

ನಾನು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಆದರೆ ಕೈಗೆ ಬಂದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸದೆ ಬಿಡುವವಳಲ್ಲ. ಇದನ್ನೂ ಹಾಗೆಯೇ ಓದಿದೆ, ಮುನ್ನುಡಿ ಸಹಿತ. ಭಯ ಎಂದರೇನು ಎಂದು ಒಬ್ಬ ಪಂಡಿತರು ಇಪ್ಪತ್ತು ಪುಟ ಬರೆದಿದ್ದಾರೆ. ಪ್ರತಿ ಪುಟದಲ್ಲೂ "ಆದಿಮ" ಎಂಬ ಮಾತು ಬರುತ್ತದೆ. ಅದರ ಅರ್ಥವನ್ನು ನಿಮ್ಮನ್ನು ಕೇಳಬೇಕೆಂದಿದ್ದೆ. ಒಳಗಿನ ಕಥೆಗಳನ್ನು ಓದಿದ ಮೇಲೆ ಕೇಳುವ ಅಗತ್ಯ ಉಳಿಯಲಿಲ್ಲ.

ಆ ಕಥೆಗಳಲ್ಲಿ ದೆವ್ವ ಯಾವಾಗಲೂ ದೊಡ್ಡ ಬಂಗಲೆಯಲ್ಲಿ ಇರುತ್ತದೆ. ಇಪ್ಪತ್ತು ಕೋಣೆಗಳು, ಮಹಡಿ, ಸುತ್ತಲೂ ತೋಟ. ಅಂಥ ಮನೆ ಬಿಟ್ಟಿಯಾಗಿ ಸಿಗುವುದಾದರೆ ನಮ್ಮ ಓಣಿಯ ಅರ್ಧ ಮಂದಿ ದೆವ್ವಕ್ಕೆ ಒಂದು ಕೋಣೆ ಬಿಟ್ಟುಕೊಟ್ಟು ಉಳಿದದ್ದರಲ್ಲಿ ಸಂಸಾರ ಹೂಡುತ್ತಾರೆ. ಇನ್ನು ದೆವ್ವ ಹೆಣ್ಣಾದರೆ ಇಪ್ಪತ್ತು ದಾಟಿರುವುದಿಲ್ಲ, ತಲೆ ಬಾಚಿರುವುದಿಲ್ಲ, ಬಿಳಿ ಸೀರೆ ಉಟ್ಟಿರುತ್ತದೆ. ಸತ್ತು ಅಷ್ಟು ವರ್ಷವಾಗಿ, ಒಲೆಯಿಲ್ಲ, ಅತ್ತೆಯಿಲ್ಲ, ನೀರು ಹೊರುವುದಿಲ್ಲ. ಹೆಣ್ಣಿಗೆ ಹುಟ್ಟಿದಾಗಿನಿಂದ ಸಿಗದ ಪುರುಸೊತ್ತು ಆಗ ಸಿಕ್ಕಿರುತ್ತದೆ. ಅದರಲ್ಲಿ ಅವಳು ಮಾಡುವುದೇನು? ಕಿಟಕಿಯಲ್ಲಿ ನಿಂತು ಗುರುತಿಲ್ಲದ ಗಂಡಸನ್ನು ನೋಡಿ ನಗುವುದು. ಬರೆದವರೆಲ್ಲ ಗಂಡಸರೇ ಎಂದು ಹೆಸರು ನೋಡದೆಯೇ ಹೇಳಬಹುದಿತ್ತು. ಮಂಡಿನೋವಿನಿಂದ ನರಳಿ ಸತ್ತ ಮುದುಕಿಯೊಬ್ಬಳು ದೆವ್ವವಾಗಿ ಬಂದದ್ದನ್ನು ಅವರಲ್ಲಿ ಒಬ್ಬನೂ ನೋಡಿಲ್ಲ.

ಇಷ್ಟೇ ಆಗಿದ್ದರೆ ಪುಸ್ತಕವನ್ನು ಗೋಡೆಯ ಮಾಡದಲ್ಲಿಟ್ಟು ಮರೆಯುತ್ತಿದ್ದೆ. ಆದರೆ ಅದನ್ನು ನಾನು ಹತ್ತು ಮಂದಿಯ ಮುಂದೆ ಗಟ್ಟಿಯಾಗಿ ಓದಿದೆ. ಅದರಿಂದ ಒಂದು ಕೂಸಿಗೆ ತಾಯಿಯ ಸೀರೆ ತಪ್ಪಿಹೋಗುವುದರಲ್ಲಿತ್ತು. ಅದನ್ನೇ ಬರೆಯಬೇಕೆಂದು ಕೂತಿದ್ದೇನೆ.

ಬೇಸಿಗೆಯಲ್ಲಿ ಮಸೂತಿ ಊರಿನ ನಮ್ಮ ಓಣಿಯಲ್ಲಿ ಊಟವಾದ ಮೇಲೆ ಹೆಂಗಸರು ಕೌದಿ ಹೊಲಿಯಲು ಸೇರುತ್ತಾರೆ. ನೀವು ಅಂಗಡಿಯ ಬ್ಲ್ಯಾಂಕೆಟ್ ಹೊದೆಯುವವರು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆಯ ಸೀರೆ, ಧೋತರಗಳನ್ನು ಪದರದ ಮೇಲೆ ಪದರ ಹಾಸಿ, ಮೂಲೆಗೆ ಕಲ್ಲು ಇಟ್ಟು, ನಾಲ್ಕೂ ಕಡೆ ಹೆಂಗಸರು ಕೂತು ಅಂಚಿನಿಂದ ಒಳಗೆ ಸುತ್ತು ಸುತ್ತಾಗಿ ಹೊಲಿಯುತ್ತ ಬರುತ್ತಾರೆ. ಇದ್ದವರ ಬಟ್ಟೆಯನ್ನು ಇದ್ದವರೇ ಉಡುತ್ತಾರೆ. ಕೌದಿಗೆ ಬರುವುದು ಹೆಚ್ಚಾಗಿ ಹೋದವರದು. ನಾನು ಹೊದೆಯುವ ಕೌದಿಯಲ್ಲಿ ನಿಮ್ಮ ಅಜ್ಜನ ಎರಡು ಧೋತರಗಳಿವೆ. ಬದುಕಿದ್ದಾಗ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದರು, ಈಗ ಅದೂ ಇಲ್ಲ. ಒಳ್ಳೆಯ ನಿದ್ದೆ ಬರುತ್ತದೆ.

ನನ್ನ ಬೆರಳ ಗಂಟುಗಳು ಬಾತಿರುವುದರಿಂದ ಸೂಜಿ ಹಿಡಿಯಲಾರೆ. "ನೀ ಓದವಾ, ನಾವು ಹೊಲಿತೇವಿ" ಎಂದರು. ತಲೆ ಪುಸ್ತಕದಲ್ಲಿ ಇಟ್ಟುಕೊಂಡರೆ ಎಷ್ಟು ಮಂದಿ ಇದ್ದರೂ ನನಗೆ ನಾಚಿಕೆಯಾಗುವುದಿಲ್ಲ. ಓದಿನ ಲೆಕ್ಕ ಮಾತ್ರ ಅವರದೇ. ಒಂದು ಸುತ್ತು ಹೊಲಿಗೆ ಮುಗಿಯಿತೆಂದರೆ ಓದು ಬಂದ್. ಕಥೆ ಎಲ್ಲಿಗಾದರೂ ಬಂದಿರಲಿ, ಎದ್ದು ಸೆರಗು ಝಾಡಿಸಿಕೊಂಡು ಮನೆಗೆ ಹೋಗುವುದು. ಉಳಿದದ್ದು ಮರುದಿನ.

ಅವರು ಕೇಳುವ ರೀತಿಯನ್ನು ಆ ಬರಹಗಾರರು ಒಮ್ಮೆ ನೋಡಬೇಕಿತ್ತು.

"ಯಕ್ಕಾ, ಆಕಿ ಪಾದ ಹಿಂದ್ಮುಂದ ಅದಾವಂದಿ. ಮತ್ತ ಚಪ್ಪಲ್ ಹೆಂಗ ಹಾಕ್ಕೋತಾಳ?" ಎಂದು ಒಬ್ಬಳು.

"ಚಪ್ಪಲ್ ಎಲ್ಲಿಂದ ಬಂತಬೇ ದೆವ್ವಕ್ಕ? ಗಾಳ್ಯಾಗ ತೇಲತಾಳಂತ" ಎಂದು ಇನ್ನೊಬ್ಬಳು.

"ನೆಲಕ್ಕ ಕಾಲ ಹತ್ತಂಗಿಲ್ಲಂದ್ರ ಗೆಜ್ಜಿ ಸಪ್ಪಳ ಎಲ್ಲಿಂದ ಬಂತು? ಓದು ಓದು, ಮುಂದ ಹೇಳ್ಯಾನೇನ ನೋಡು."

ಮುಂದೆ ಹೇಳಿರಲಿಲ್ಲ. ಅಂಥ ಪ್ರಶ್ನೆ ಬರುತ್ತದೆಂದು ಬರೆದವನಿಗೆ ಹೊಳೆದೇ ಇರಲಿಲ್ಲ. ಓದು ನಿಂತಾಗ ಗಾಳಿ ಬೀಸಿದರೆ ಪುಸ್ತಕವನ್ನೇ ಕೌದಿಯ ಮೇಲೆ ಇಡುತ್ತಿದ್ದೆವು. ಕಲ್ಲಿಗಿಂತ ಚೆನ್ನಾಗಿ ಕೂಡುತ್ತಿತ್ತು.

ಆಗ ಹೊಲಿಯುತ್ತಿದ್ದದ್ದು ನನ್ನ ಪಕ್ಕದ ಮನೆಯ ಗೆಳತಿಯ ಕೌದಿ. ನಾವಿಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದವರು. ಅವಳ ಒಬ್ಬಳೇ ಮಗಳನ್ನು ಇಂಡಿ ತಾಲೂಕಿನ ತಾಂಬಾಕ್ಕೆ ಕೊಟ್ಟಿದ್ದರು. ಕಾಮಾಲೆಯಾಗಿ ಆ ಹುಡುಗಿ ತೀರಿಕೊಂಡಾಗ ಅವಳ ಹೆಣ್ಣು ಕೂಸಿಗೆ ಎಂಟು ತಿಂಗಳು. ಅಳಿಯ ವರ್ಷ ತುಂಬಿದ ಮೇಲೆ ಸಿಂದಗಿ ಕಡೆಯ ಒಂದು ಹುಡುಗಿಯನ್ನು ಮದುವೆಯಾದ. ಕೂಸು ತಾಂಬಾದಲ್ಲೇ, ಹೊಸ ತಾಯಿಯ ಮಡಿಲಲ್ಲಿ ಬೆಳೆಯುತ್ತಿದೆ. ನನ್ನ ಗೆಳತಿ ಅದಕ್ಕೆ ಏನೂ ಅನ್ನಲಿಲ್ಲ. ಅವಳಿಗಿದ್ದದ್ದು ಒಂದೇ ಆಸೆ: ಹೆತ್ತವಳ ಮುಖ ಗೊತ್ತಿಲ್ಲದ ಕೂಸು ಅವಳ ಸೀರೆಯಡಿಯಲ್ಲಾದರೂ ಮಲಗಬೇಕು. ಮಗಳ ಸೀರೆಗಳನ್ನೆಲ್ಲ ಕೌದಿಗೆ ಹಾಕಿ, ಹಸಿರು ಇಳಕಲ್ ಸೀರೆಯನ್ನು ಕಾಣುವ ಹಾಗೆ ಮೇಲೆ ಹಾಸಿದ್ದಳು.

ಕೌದಿ ಮುಗಿಯಲು ಎರಡು ದಿನವಿದೆ ಎನ್ನುವಾಗ ತಾಂಬಾದಿಂದ ಆ ಸಿಂದಗಿ ಕಡೆಯ ಹುಡುಗಿ ಕೂಸನ್ನು ಕರೆದುಕೊಂಡು ಬಂದಳು. ಕೌದಿ ತೆಗೆದುಕೊಂಡೇ ಹೋಗಲಿ ಎಂದು ಗೆಳತಿಯೇ ಕರೆಸಿದ್ದಳು. ಇಪ್ಪತ್ತೆರಡರ ವಯಸ್ಸು, ಮಾತು ಕಡಿಮೆ. ಮಧ್ಯಾಹ್ನ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಮ್ಮ ಜೊತೆ ಕೂತಳು. ನಾನು ಸರದಿಯ ಕಥೆ ತೆರೆದೆ. ಸಾಲು ತಪ್ಪಿಸಿ ಓದುವ ಅಭ್ಯಾಸ ನನಗಿಲ್ಲ. ಯಾವ ಕಥೆ ಎಂದು ಮೊದಲೇ ಕಣ್ಣಾಡಿಸಬೇಕಿತ್ತು, ಆಡಿಸಲಿಲ್ಲ.

ಕಥೆಯಲ್ಲಿ ಒಂದು ಬಂಗಲೆ. ಎರಡನೆಯ ಹೆಂಡತಿಯಾಗಿ ಬಂದವಳು ಸತ್ತ ಸವತಿಯ ಪೆಟ್ಟಿಗೆ ತೆರೆದು ಅವಳ ರೇಷ್ಮೆ ಸೀರೆ ಉಡುತ್ತಾಳೆ. ಕನ್ನಡಿಯ ಮುಂದೆ ನಿಲ್ಲುತ್ತಾಳೆ. ಸೆರಗು ತಾನಾಗಿಯೇ ಹೆಗಲಿನಿಂದ ಕೊರಳ ಕಡೆ ಹರಿಯತೊಡಗುತ್ತದೆ. ಸರಿಯಾಗಿ ಅಲ್ಲಿಗೆ ಸುತ್ತು ಮುಗಿಯಿತು. ಎಲ್ಲರೂ ಸೂಜಿ ಚುಚ್ಚಿಟ್ಟು ಎದ್ದರು. ನಾನು ಪುಟಕ್ಕೆ ದಾರ ಇಟ್ಟು ಮುಚ್ಚಿದೆ, ಯಾರ ಮುಖವನ್ನೂ ನೋಡಲಿಲ್ಲ.

ಮರುದಿನ ಮುಂಜಾನೆ ಪಕ್ಕದ ಮನೆಯಲ್ಲಿ ದನಿ ಏರಿತು. ಹೋಗಿ ನೋಡಿದರೆ ಹುಡುಗಿ ಚೀಲ ಹಿಡಿದು, ಕೂಸನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು.

"ಕೌದಿ ಬ್ಯಾಡ್ರಿ. ನಾ ಒಯ್ಯಾಂಗಿಲ್ಲ."

"ಯಾಕ ಬ್ಯಾಡವಾ? ಇವತ್ತ ಸಂಜೀಕ ಮುಗೀತೈತಲ್ಲ?" ಎಂದಳು ಗೆಳತಿ.

"ಸತ್ತವರ ಸೀರಿ ಮನಿಯೊಳಗ ಬ್ಯಾಡ್ರಿ. ಅಂಜಿಕಿ ಬರ್ತೈತಿ. ನಿನ್ನಿ ಆಯಿ ಓದಿದ್ದು ನೀವೂ ಕೇಳೀರಲ್ಲ?"

ಅಷ್ಟು ಹೇಳಿ ಬಾಗೇವಾಡಿಯ ಬಸ್ಸಿಗೆ ನಡೆದಳು. ಗೆಳತಿ ನನ್ನ ಕಡೆ ತಿರುಗಿದಳು. ನಲವತ್ತು ವರ್ಷದಲ್ಲಿ ನನಗೆ ಒಂದು ಒರಟು ಮಾತು ಆಡದವಳು. "ನಿನ್ನ ಪುಸ್ತಕಕ್ಕ ಬೆಂಕಿ ಹತ್ಲಿ. ನನ್ನ ಮಗಳನ್ನ ದೆವ್ವ ಮಾಡಿದಿ" ಎಂದಳು. ಬಾಗಿಲು ಹಾಕಿಕೊಂಡಳು.

ಮನೆಗೆ ಬಂದು ಆ ಕಥೆಯ ಉಳಿದ ಭಾಗ ಓದಿದೆ. ಎಲ್ಲೋ ಒಂದು ಕಡೆ ಅದು ತಿರುಗಿಕೊಂಡು ಒಳ್ಳೆಯದಾಗುತ್ತದೆ, ಅದನ್ನು ಹುಡುಗಿಗೆ ಹೇಳಿಕಳಿಸಬಹುದು ಎಂಬ ಆಸೆಯಿತ್ತು. ಅಂಥದ್ದೇನೂ ಇರಲಿಲ್ಲ. ಸೀರೆ ಆ ಎರಡನೆಯ ಹೆಂಡತಿಯ ಕೊರಳು ಬಿಗಿದು ಕೊಲ್ಲುತ್ತದೆ. ಮುಂಜಾನೆ ನೋಡಿದರೆ ಪೆಟ್ಟಿಗೆಯಲ್ಲಿ ಮಡಿಕೆ ಮುರಿಯದೆ ಕೂತಿರುತ್ತದೆ, ಕೋಣೆಯ ತುಂಬ ಮಲ್ಲಿಗೆಯ ಪರಿಮಳ! ಮಲ್ಲಿಗೆಯಂತೆ. ಹೋದವಳ ಪೆಟ್ಟಿಗೆಯನ್ನು ಆ ಮಹಾಶಯ ಜನ್ಮದಲ್ಲಿ ತೆರೆದು ನೋಡಿಲ್ಲ. ನನ್ನ ಗೆಳತಿ ಮಗಳ ಪೆಟ್ಟಿಗೆ ತೆರೆದ ದಿನ ನಾನು ಪಕ್ಕದಲ್ಲಿದ್ದೆ. ಬಂದದ್ದು ಡಾಂಬರು ಗುಳಿಗೆಯ ವಾಸನೆ. ಒಂದು ಸೀರೆಯ ಸೆರಗಿನ ಮೇಲೆ ಕೂಸು ಕಕ್ಕಿದ ಹಾಲಿನ ಕಲೆ ಒಣಗಿತ್ತು. ಅದನ್ನು ನೋಡಿ ಅವಳು ನೆಲಕ್ಕೆ ಕೂತವಳು ಸಂಜೆಯವರೆಗೆ ಏಳಲಿಲ್ಲ. ಇಂಥದ್ದು ಒಂದು ಸಾಲು ಬರೆಯಲಾರದವನು ಕೊಲೆ ಬರೆಯುತ್ತಾನೆ. ಅದು ಸುಲಭ.

ಎರಡು ದಿನ ಯೋಚಿಸಿದೆ. ಹೊಲಿಗೆ ನಡುವಿನಲ್ಲಿ ಒಂದು ಮೊಳದಷ್ಟು ಉಳಿದಿತ್ತು, ಯಾರೂ ಮುಟ್ಟಿರಲಿಲ್ಲ. ಮೂರನೆಯ ದಿನ ಗೆಳತಿಯ ಪಡಸಾಲೆಯಿಂದ ಕೌದಿಯನ್ನು ಮಡಚಿ ಗಂಟು ಕಟ್ಟಿದೆ. ಅವಳು ನೋಡಿದಳು, ಬೇಡ ಅನ್ನಲಿಲ್ಲ. ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು ಒಬ್ಬಳೇ ಹೊರಟೆ. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ಹೂವಿನ ಹಿಪ್ಪರಗಿಯ ಮೇಲೆ ಸಿಂದಗಿ, ಅಲ್ಲಿಂದ ತಾಂಬಾ. ದಾರಿಯುದ್ದಕ್ಕೂ ಬಯಲು ಎರೆ ಹೊಲ, ಒಂದು ಗಿಡದ ನೆರಳಿನಲ್ಲಿ ನಿಂತರೆ ಇನ್ನೊಂದು ಗಿಡ ಕಾಣುವುದಿಲ್ಲ. ಆ ಪುಸ್ತಕದ ದೆವ್ವಗಳನ್ನು ಇಲ್ಲಿ ತಂದು ಬಿಟ್ಟರೆ ಅಡಗಲು ಜಾಗವಿಲ್ಲದೆ ಬಿಸಿಲಿಗೆ ಸಾಯುತ್ತವೆ ಎಂದುಕೊಂಡೆ. ಧೈರ್ಯಕ್ಕಾಗಿ ಹಾಗೆ ಅಂದುಕೊಂಡದ್ದು. ಗೊತ್ತಿಲ್ಲದ ಮನೆಗೆ ಹೋಗಿ ಮಾತು ತೆಗೆಯಬೇಕಲ್ಲ ಎಂದು ಮೊದಲ ಮಾತನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿ ನೋಡಿಕೊಂಡೆ.

ತಾಂಬಾದ ಮನೆಯ ಅಂಗಳದಲ್ಲಿ ಹುಡುಗಿಯ ಅತ್ತೆ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. "ಬರ್ರಿ ಬರ್ರಿ" ಎಂದು ಕೂಡಿಸಿದಳು. ಹುಡುಗಿ ಚಹಾ ತಂದಿಟ್ಟಳು.

"ಚಾದಾಗ ಹಾಲ ಜಾಸ್ತಿ ಆತು" ಎಂದಳು ಅತ್ತೆ, ಸೊಸೆಗಲ್ಲ, ನನಗೆ. "ನಿಮ್ಮ ಓಣಿ ಹುಡುಗಿ ಮಾಡ್ತಿದ್ಲು ನೋಡ್ರಿ ಚಾ. ಅಂಗಳಾನೂ ಹಂಗ, ಆಕಿ ಇದ್ದಾಗ ಕನ್ನಡಿ ಇದ್ದಂಗ ಇರ್ತಿತ್ತು. ಹೋಗ್ಲಿ ಬಿಡ್ರಿ, ನಮ್ಮ ನಸೀಬ."

ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಮುಖದಲ್ಲಿ ಏನೂ ಕಾಣಲಿಲ್ಲ. ದಿನಾ ಕೇಳುವ ಮಾತಿಗೆ ಮುಖ ಹಾಗೆಯೇ ಇರುತ್ತದೆ.

ಅತ್ತೆ ತೊಗರಿ ಎತ್ತಿಕೊಂಡು ಗಿರಣಿಗೆ ಹೋದ ಮೇಲೆ ನಾನು ಪುಸ್ತಕ ತೆಗೆದೆ. "ತಂಗಿ, ಆವತ್ತು ಕತಿ ಅರ್ಧಕ್ಕ ನಿಂತಿತ್ತು. ಉಳಿದದ್ದು ಕೇಳು" ಎಂದು ತಲೆ ಬಗ್ಗಿಸಿ ಓದತೊಡಗಿದೆ. ಓದಿದ್ದೆಲ್ಲ ನನ್ನ ತಲೆಯಿಂದ. ಸೆರಗು ಕೊರಳವರೆಗೆ ಬಂತು. ಬಂದು ಕುಪ್ಪಸದ ಬಿಚ್ಚಿದ ಹೊಲಿಗೆಯನ್ನು ನೋಡಿತು. ಕನ್ನಡಿಯಲ್ಲಿ ಕಂಡ ಸವತಿ, "ತಂಗಿ, ಪೆಟ್ಟಿಗೆಯಲ್ಲಿಟ್ಟರೆ ನುಸಿ ತಿನ್ನುತ್ತದೆ, ನೀನೇ ಉಟ್ಟುಕೋ. ಮೊದಲು ಈ ಹೊಲಿಗೆ ಹಾಕಿಸು" ಎಂದಳು. ಪುಸ್ತಕದ ಭಾಷೆಯಲ್ಲೇ, ತಡವರಿಸದೆ ಓದಿದೆ. ನನ್ನ ಕಥೆ ಅವನದಕ್ಕಿಂತ ಚೆನ್ನಾಗಿತ್ತು ಎಂದು ಈಗಲೂ ಹೇಳುತ್ತೇನೆ.

ಹುಡುಗಿ ಕೇಳಿಸಿಕೊಂಡಳು. ಆಮೇಲೆ, "ಆಯಿ, ಇಷ್ಟೆಲ್ಲಾ ಓದಿದ್ರಿ, ಒಂದ ಸಲಾನೂ ಪುಟ ಹೊರಳಿಸಲಿಲ್ಲ. ಕೊಡ್ರಿ ಇಲ್ಲಿ" ಎಂದು ಪುಸ್ತಕ ತೆಗೆದುಕೊಂಡಳು. ಹತ್ತನೆಯ ತರಗತಿ ಪಾಸಾದವಳು. ನಿಂತಲ್ಲೇ ಆ ಕಥೆಯ ಕೊನೆಯವರೆಗೆ ಓದಿದಳು. ನಾನು ಚಹಾದ ಲೋಟ ನೋಡುತ್ತ ಕೂತೆ.

"ಇದರಾಗ ಕೊಂದಾಳಲ್ರಿ."

"ಹೌದು, ಕೊಂದಾಳ."

"ಮತ್ತ ನೀವು ಓದಿದ್ದು?"

"ನಾ ರಿಪೇರಿ ಮಾಡೇನಿ" ಎಂದೆ.

ಅವಳು ನಕ್ಕಳು. ಆ ಮನೆಯಲ್ಲಿ ನಕ್ಕು ಬಹಳ ದಿನವಾಗಿತ್ತೆಂದು ಕಾಣುತ್ತದೆ, ಒಳಗಿದ್ದ ಕೂಸು ಓಡಿ ಬಂದು ಅವಳ ಮುಖ ನೋಡಿತು. ಕೂಸನ್ನು ಎತ್ತಿ ಸೊಂಟದ ಮೇಲೆ ಕೂಡಿಸಿಕೊಂಡು ಅವಳು ನನ್ನ ಮುಂದೆ ಕೂತಳು.

"ದೆವ್ವಕ್ಕ ನಾ ಅಂಜೂದಿಲ್ರಿ ಆಯಿ. ನೋಡ್ರಿ." ಕೊರಳಿನಿಂದ ಸಣ್ಣ ಬೆಳ್ಳಿ ಬಿಲ್ಲೆ ಹೊರಗೆ ತೆಗೆದು ತೋರಿಸಿದಳು. ಎರಡನೆಯವಳಾಗಿ ಬಂದವಳು ಸತ್ತ ಸವತಿಯ ಹೆಸರಿನಲ್ಲಿ ಅಂಥದ್ದೊಂದನ್ನು ಕಟ್ಟಿಕೊಳ್ಳುವ ರೂಢಿಯಿದೆ. "ಕೊರಳಾಗ ಆಕಿ ಅದಾಳ. ಗ್ವಾಡಿ ಮ್ಯಾಲ ಆಕಿ ಫೋಟೋ. ಚಾದಾಗ ಆಕಿ, ಅಂಗಳದಾಗ ಆಕಿ, ಅತ್ತಿ ಬಾಯಾಗ ಹಗಲೆಲ್ಲಾ ಆಕಿ. ಈ ಕೂಸೊಂದ ನನಗ ಅವ್ವ ಅಂತೈತಿ. ಅದರ ಮ್ಯಾಲೂ ಆಕೀನ ಹೊಚ್ಚಿದ್ರ ನಾ ಎಲ್ಲಿ ಹೋಗ್ಲಿ? ಬ್ಯಾಡ ಅಂದ್ರ ನಾ ಕೆಟ್ಟಾಕಿ ಆಗತೇನಿ. ದೆವ್ವದ ಅಂಜಿಕಿ ಅಂದ್ರ ಯಾರೂ ಏನೂ ಅನ್ನಂಗಿಲ್ಲ."

ನೂರು ಕಥೆ, ಇಪ್ಪತ್ತು ಪುಟದ ಮುನ್ನುಡಿ. ಇವಳು ಅಂಜಿದ್ದು ಯಾವುದಕ್ಕೆ ಎನ್ನುವುದು ಅದರಲ್ಲಿ ಎಲ್ಲೂ ಇಲ್ಲ. ಬಂಗಲೆಯ ಎರಡನೆಯ ಹೆಂಡತಿ ಪೆಟ್ಟಿಗೆ ತೆರೆದು ಸತ್ತಳೆಂದು ಬರೆದವನು, ಅವಳು ಆ ಮನೆಯಲ್ಲಿ ಒಂದು ಲೋಟ ಚಹಾ ಮಾಡಿ ಹೇಗೆ ಬದುಕಿದ್ದಳೆಂದು ಒಂದು ಮಾತು ಕೇಳಿಲ್ಲ. ನಾನೂ ಕೇಳಿರಲಿಲ್ಲ. ಸುಳ್ಳು ಕಥೆ ಹೊತ್ತುಕೊಂಡು ಮೂರು ಬಸ್ಸು ಹತ್ತಿದ್ದೆ.

ಅವಳೇ ಕೌದಿಯ ಗಂಟು ಬಿಚ್ಚಿದಳು. ನೆಲದ ಮೇಲೆ ಹಾಸಿ, ಹಸಿರು ಸೀರೆಯ ಮೇಲೆ ಕೈಯಾಡಿಸಿದಳು. ಕೂಸು ಅದರ ಮೇಲೆ ಹೊರಳಾಡಿತು. ಅದರ ಅಂಚನ್ನು ಎತ್ತಿ ಹಿಡಿದು ಕೇಳಿದಳು, "ಇದರ ಮ್ಯಾಲ ಇನ್ನೊಂದು ಪದರ ಹಾಕಾಕ ಬರ್ತೈತೇನ್ರಿ?"

"ಬರ್ತೈತಿ. ಮತ್ತ ಅಂಚಿನಿಂದ ಹೊಲೀಬೇಕು, ಅಷ್ಟ."

ಒಳಗೆ ಹೋಗಿ ಬಂದಳು. ಮದುವೆಯಾಗಿ ಬಂದವಳ ಹತ್ತಿರ ಹೊಸ ಸೀರೆಗಳಿರುತ್ತವೆ, ಕೌದಿಗೆ ಹಳೆಯದು ಬೇಕು. ಅವಳ ಕೈಯಲ್ಲಿದ್ದದ್ದು ಹೈಸ್ಕೂಲಿನ ಎರಡು ನೀಲಿ ಚೂಡಿದಾರ ಮತ್ತು ಬಿಳಿ ವೇಲು, ತೊಳೆದು ತೊಳೆದು ಮೆತ್ತಗಾದದ್ದು. ಆ ಮನೆಗೆ ಬರುವ ಮೊದಲಿನದು, ಅವಳದೇ ಆದದ್ದು ಅಷ್ಟೇ.

"ಆಕಿ ಒಳಗಿರ್ಲಿ, ಬ್ಯಾಡನ್ನಂಗಿಲ್ಲ. ಮ್ಯಾಲ ನನ್ನದಿರ್ಲಿ. ಹಂಗಾದ್ರ ಕೊಡ್ರಿ."

ಆಗಲಿ ಎನ್ನಲು ನಾನು ಯಾರು? ಮಗಳ ಹಸಿರು ಸೀರೆ ಕಾಣಬೇಕೆಂದು ಮೇಲೆ ಹಾಸಿದವಳು ಮಸೂತಿಯಲ್ಲಿ ಕೂತಿದ್ದಳು. ಚೂಡಿದಾರವನ್ನು ಕೌದಿಯ ಜೊತೆ ಗಂಟು ಕಟ್ಟಿಕೊಂಡು ತಿರುಗಿ ಬಂದೆ.

ಗೆಳತಿಗೆ ಎಲ್ಲವನ್ನೂ ಹೇಳಿದೆ. ಅತ್ತೆಯ ಚಹಾದ ಮಾತು, ಬೆಳ್ಳಿ ಬಿಲ್ಲೆ, ನನ್ನ ಸುಳ್ಳು ಓದು. ಅವಳು ಚೂಡಿದಾರವನ್ನು ಕಾಲಿನಿಂದ ಆಚೆ ಸರಿಸಿದಳು.

"ನನ್ನ ಮಗಳನ್ನ ಒಳಗ ಹಾಕಿ ಹೊಲೀಬೇಕಂತೇನು? ಒಮ್ಮಿ ಮಣ್ಣಾಗ ಇಟ್ಟೇವಿ, ಸಾಲಲಿಲ್ಲೇನು?"

ನಾನು ಗಂಟನ್ನು ಅಲ್ಲೇ ಬಿಟ್ಟು ಬಂದೆ. ಮೂರು ದಿನ ಅವಳ ಬಾಗಿಲು ಮುಚ್ಚಿತ್ತು. ನಾಲ್ಕನೆಯ ದಿನ ಊಟದ ಹೊತ್ತು ಕಳೆದ ಮೇಲೆ ನೋಡಿದರೆ ಪಡಸಾಲೆಯಲ್ಲಿ ಕೌದಿ ಹಾಸಿತ್ತು. ಚೂಡಿದಾರದ ಹೊಲಿಗೆಗಳನ್ನು ಅವಳೇ ಬಿಚ್ಚಿ, ತುಂಡುಗಳನ್ನು ಹಸಿರು ಸೀರೆಯ ಮೇಲೆ ಒಂದಕ್ಕೊಂದು ಹೊಂದಿಸಿ ಇಡುತ್ತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತರು.

"ಏನ ನೋಡ್ತೀರಿ, ಕೂಡ್ರಿ" ಎಂದಳು. "ಮ್ಯಾಲ ಆಕೀದ ಇರ್ಲಿ. ಕೂಸು ಉಚ್ಚಿ ಹೊಯ್ದ್ರ ಮೊದಲ ಆಕಿ ಬಟ್ಟೀನ ತೋಯ್ಲಿ. ನನ್ನ ಮಗಳು ಬೆಚ್ಚಗ ಒಳಗಿರ್ಲಿ."

ಒಬ್ಬಳಿಗೆ ನಗು ತಡೆಯಲಾಗಲಿಲ್ಲ, ಆಮೇಲೆ ಎಲ್ಲರಿಗೂ. ಅವಳು ನಗಲಿಲ್ಲ, ಸೂಜಿಗೆ ದಾರ ಪೋಣಿಸಿದಳು. "ಓದು" ಎಂದು ನನಗೆ ಹೇಳಿದರು. ನಾನು ಒಲ್ಲೆನೆಂದೆ. ಬಾತ ಬೆರಳಿನಲ್ಲೇ ಒಂದು ಬದಿಗೆ ಕೂತು ಹೊಲಿದೆ. ಪದರ ಹೆಚ್ಚಾದ್ದರಿಂದ ಸೂಜಿ ಹೋಗುತ್ತಿರಲಿಲ್ಲ, ನನ್ನ ಹೊಲಿಗೆ ಹಾವು ಹರಿದ ಹಾಗೆ ಬಂತು. ಗೆಳತಿ ನೋಡಿ, ಅಷ್ಟನ್ನು ಬಿಚ್ಚಿ ತಾನೇ ಮತ್ತೆ ಹಾಕಿದಳು.

ಕೌದಿ ತಾಂಬಾಕ್ಕೆ ಹೋಯಿತು. ಮಳೆಗಾಲ ಹಿಡಿದ ಮೇಲೆ ಒಂದು ದಿನ ನಾನು ಗೆಳತಿಯ ಮನೆಯಲ್ಲಿದ್ದಾಗ ಫೋನು ಬಂತು. ಅವಳಿಗೆ ಕಿವಿ ಮಂದ, ದನಿ ಹೊರಗೆ ಬರುವಂತೆ ಒತ್ತಿ ಹಿಡಿದಳು. ಆ ಹುಡುಗಿಯ ದನಿ.

"ಯವ್ವಾ, ಕೌದಿ ಒಗದು ಎರಡ ದಿನಾ ಆತು, ಒಣಗವಲ್ದು. ಅದಿಲ್ಲದ ಇದು ಮಲಗವಲ್ದು, ಅಳಾಕತ್ತೈತಿ. ಏನ ಮಾಡ್ಲಿ?"

"ಎದರ ಮ್ಯಾಲ ಹಾಕೀದಿ?"

"ಹಗ್ಗದ ಮ್ಯಾಲ ಹಾಕೇನ್ರಿ."

"ಹಗ್ಗದ ಮ್ಯಾಲ ಹಾಕಿದ್ರ ನೀರೆಲ್ಲಾ ತೆಳಗ ಇಳದು ಅಲ್ಲೇ ನಿಂದರತೈತಿ. ಎಂಥಾಕೀನೇ ನೀ! ಇಬ್ಬರ ಭಾರ ಐತಿ ಅದರಾಗ, ಲಗೂನ ಒಣಗತೈತೇನು? ಮಾಳಗಿ ಮ್ಯಾಲ ಹಾಸು, ಹೊತ್ತಿಗೊಮ್ಮಿ ಹೊರಳಿಸು. ಇವತ್ತೊಂದಿನ ಕೂಸಿಗಿ ನಿನ್ನ ಸೆರಗ ಹೊಚ್ಚಿ ಮಲಗಸು."